ಸಿರಿಂಜಿನ ಗೆರೆಗಳು

ಮನೆ, ಭಾನುವಾರ ಮಧ್ಯಾಹ್ನ
ತಾರೀಖು ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೆ? ಮೆಟ್ಟಿಲು ಹತ್ತಿ ಇಳಿಯುವ ಕೆಲಸವನ್ನೆಲ್ಲ ಭಾವನ ತಲೆಗೆ ಕಟ್ಟು, ಪಾಪ ಅನ್ನಬೇಡ. ನಾನು ಚೆನ್ನಾಗಿದ್ದೇನೆ. ಮುಖಕ್ಕೊಂದು ಕನ್ನಡಕ ಬಂದಿದೆ.

ಒಂದು ವರ್ಷದಿಂದ ಅಕ್ಷರ ಹತ್ತಿರ ಬಂದರೆ ಕಲಸಿಹೋಗುತ್ತಿತ್ತು. ಪೇಪರನ್ನು ತೋಳುದ್ದ ಹಿಡಿಯುತ್ತಿದ್ದೆ. "ಇನ್ನು ಪಕ್ಕದ ಮನೆಯವ್ರ ಕೈಲಿ ಹಿಡಿಸ್ಬೇಕು ನೋಡಮ್ಮ" ಎಂದು ಮಗಳು ರೇಗಿಸುತ್ತಿದ್ದಳು. ನಲವತ್ತಾರಕ್ಕೇ ಕನ್ನಡಕವೇ ಎಂಬ ಬಿಂಕ ನನಗೆ. ವಾರ್ಡಿನಲ್ಲಿ ನರ್ಸಾಗಿ ಇಪ್ಪತ್ತೆರಡು ವರ್ಷವಾಯಿತಲ್ಲ. ಮುಚ್ಚಳದ ಬಣ್ಣ ನೋಡಿಯೇ ಸೀಸೆಯ ಮೇಲೆ ಕೈ ಹೋಗುತ್ತಿತ್ತು.

ಹೋದ ತಿಂಗಳು ಒಂಬತ್ತು ತಿಂಗಳ ಕೂಸಿಗೆ ಕೊಡಲು ಸಿರಿಂಜಿಗೆ ಔಷಧಿ ಎಳೆದುಕೊಂಡೆ. ಪಕ್ಕದಲ್ಲಿದ್ದ ಹೊಸ ನರ್ಸು ನನ್ನ ಮಣಿಕಟ್ಟು ಹಿಡಿದಳು. "ಸಿಸ್ಟರ್, ತಾಳಿ. ಚೀಟೀಲಿರೋದು ಸೊನ್ನೆ ಪಾಯಿಂಟ್ ಐದು. ನೀವು ಐದು ತಗೊಂಡಿದೀರ." ತಾಯಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು. ಆ ತಾಯಿ ಮಗುವಿನ ತೋಳನ್ನು ನನ್ನ ಕಡೆ ಚಾಚಿ ಹಿಡಿದು ನಗುತ್ತಿದ್ದಳು. ನಾನು ಸಿರಿಂಜನ್ನು ಟ್ರೇಯಲ್ಲಿಟ್ಟೆ. ಅಳು ಬರಲಿಲ್ಲ ಅಕ್ಕಾ. ಮೇಟ್ರನ್ ಕೋಣೆಗೆ ಹೋಗಿ ನಡೆದದ್ದನ್ನು ನಾನೇ ಬರೆದುಕೊಟ್ಟೆ. "ಮೊದ್ಲು ಕಣ್ಣು ತೋರಿಸ್ಕೊಂಡು ಬಾ" ಎಂದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಣ್ಣಿನ ಡಾಕ್ಟರು, "ವಯಸ್ಸಾಗ್ತಾ ಒಳಗಿನ ಮಸೂರ ಗಡುಸಾಗತ್ತೆ, ಎಲ್ಲರಿಗೂ ಆಗೋದೇ" ಎಂದು ಗಾಜು ಬದಲಿಸಿ ಬದಲಿಸಿ ನೋಡಿದರು. ಕಾರ್ಡಿನ ಕೊನೆಯ ಸಾಲೂ ಇರುವೆ ಸಾಲಿನ ಹಾಗೆ ಎದ್ದು ನಿಂತಿತು. "ಎಷ್ಟು ದಿನದಿಂದ ಹೀಗೆ?" ಎಂದರು. ಒಂದು ವರ್ಷ ಎಂದೆ. ಹೇಳಿ ಮುಗಿಸಿದ ಮೇಲೆ ಕುರ್ಚಿಯಿಂದ ಏಳಲು ತುಸು ಹೊತ್ತು ಹಿಡಿಯಿತು.

ಈಗ ನನ್ನನ್ನು ಹೊದಿಕೆ ಮಡಿಸುವ ಕೋಣೆಗೆ ಹಾಕಿದ್ದಾರೆ. ಮುಂದಿನ ವಾರ ವಾರ್ಡಿಗೆ ಬಾ ಅನ್ನುತ್ತಾರೆ, ಹೂಂ ಅಂದಿಲ್ಲ. ಉಣ್ಣುತ್ತೇನೆ, ಮಲಗುತ್ತೇನೆ. ಎಲ್ಲವೂ ಬೇರೆ ಯಾರಿಗೋ ಆಗುತ್ತಿರುವ ಹಾಗಿದೆ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳ ಕೆನ್ನೆಗೆ ನನ್ನ ಲೆಕ್ಕದ್ದೂ ಒಂದೊಂದು ಮುತ್ತು ಕೊಡು.

ನಿನ್ನ
ಪೀಚು

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. ಈ ಒಂದು ವರ್ಷದೊಳಗೇ, ಅಮ್ಮನ ಕೊನೆಯ ಎರಡು ತಿಂಗಳು ಇನ್ಸುಲಿನ್ ಅಳೆದು ಚುಚ್ಚಿದ್ದು ನಾನೇ, ಕನ್ನಡಕವಿಲ್ಲದೆ. ಆ ಬೆಳಿಗ್ಗೆ ಅವಳು ಮೈಯೆಲ್ಲ ಬೆವೆತು, ಎಬ್ಬಿಸಿದರೂ ಏಳದೆ ಹೋದಾಗ ವಯಸ್ಸಾಗಿತ್ತು ಎಂದರು ಎಲ್ಲರೂ, ನಾವೂ ನಂಬಿದೆವು. ಇನ್ಸುಲಿನ್ ಅಳತೆ ಮೀರಿದರೂ ಹಾಗೇ ಆಗುತ್ತದೆ. ನಾಳೆ ಅವಳ ಡಾಕ್ಟರನ್ನು ಕೇಳಲು ಹೋಗುತ್ತಿದ್ದೇನೆ. ಅವರು ಏನೇ ಹೇಳಲಿ, ನಿನಗೆ ಮೊದಲು ನನ್ನಿಂದಲೇ ಗೊತ್ತಾಗಲಿ.