ಓರಾ ಬರುವ ಹೊತ್ತು

ತೋರ್ಬೊಲೆ, ಗಾರ್ಡಾ ಸರೋವರದ ದಡ
ಆಗಸ್ಟ್ 22, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ತುಲ್ಲಿಯೊ,

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ನಾನು ಇಟ್ಟುಬಂದ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಪೆರ್ಲಾಳ ಕೆಚ್ಚಲಿಗೇ ಸವರುತ್ತಿದ್ದೀಯೋ? ನಲವತ್ತೊಂದು ವರ್ಷದಿಂದ ನೋಡುತ್ತಿದ್ದೇನೆ, ಒಳ್ಳೆಯದೆಲ್ಲ ಮೊದಲು ಹಸುಗಳಿಗೆ, ಮಿಕ್ಕರೆ ಮನೆಯವರಿಗೆ. ರೆಂಜೊ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳುತ್ತಾನೆ ತಾನೇ? ನನ್ನ ತಮ್ಮ ಎಂದು ಹೊಗಳುವುದಿಲ್ಲ, ಸೋಮಾರಿಯೇ ಹೌದು, ಆದರೆ ಅವನು ಹಾಲು ಕರೆಯಲು ಕೂತರೆ ಯಾವ ಹಸುವೂ ಒದೆಯುವುದಿಲ್ಲ. ಚೀಸ್ ಒಯ್ಯುವ ಲಾರಿಯವನು ಬುಧವಾರ ಮೇಲೆ ಬಂದಾಗ ಈ ಕಾಗದ ನಿನ್ನ ಕೈಗೆ ಕೊಡುತ್ತಾನೆ. ಬೇಸಿಗೆಯಿಡೀ ಫೋನಿಗೂ ಸಿಗದಂತೆ ಬೆಟ್ಟದ ನೆತ್ತಿಯ ಹುಲ್ಲುಗಾವಲಲ್ಲಿ ಕೂರುವ ಗಂಡನಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ. ಹೊಸ ಕನ್ನಡಕ ಹಾಕಿಕೊಂಡು ನೀನೇ ಓದು. ರೆಂಜೊನ ಕೈಗೆ ಕೊಟ್ಟು ಓದಿಸಬೇಡ.

ಫ್ಲಾವಿಯಾಳನ್ನು ನೋಡಿಬರುತ್ತೇನೆ ಎಂದಾಗ ನೀನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಒಂದು ಮುದ್ದೆ ಬೆಣ್ಣೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದ ಪಕ್ಕ ಇಟ್ಟು ಕೊಟ್ಟಿಗೆಗೆ ಹೋದೆ. ಯಾರಿಗೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳು ಈಗ: ಆ ಬೆಣ್ಣೆ ಮೂರೇ ದಿನದಲ್ಲಿ ಮುಗಿಯಿತು. ಮೂವತ್ತೆರಡು ವರ್ಷದ ನಿನ್ನ ಮಗಳು ಚಿಕ್ಕವಳಿದ್ದಾಗಿನಂತೆಯೇ ಬೆರಳಲ್ಲಿ ತೆಗೆದು ತಿಂದಳು. ಎಲ್ಲಿಯದು ಎಂದು ಕೇಳಲಿಲ್ಲ. ವಾಸನೆಯಲ್ಲೇ ಗೊತ್ತಾಯಿತು ಅವಳಿಗೆ.

ನೀನು ಈ ಊರನ್ನು ಬೈಯುವುದನ್ನು ಕೇಳಿ ಕೇಳಿ ನಾನೂ ಮೂಗು ಮುರಿಯಲು ಸಿದ್ಧಳಾಗಿಯೇ ಬಂದಿದ್ದೆ. ಆಗಲಿಲ್ಲ, ತುಲ್ಲಿಯೊ. ಬಸ್ಸು ಕೊನೆಯ ತಿರುವು ಇಳಿದಾಗ ಬಂಡೆಗಳ ನಡುವೆ ಅಷ್ಟೂ ನೀರು ಒಮ್ಮೆಗೇ ಕಂಡಿತು. ಪಕ್ಕದ ಸೀಟಿನ ಜರ್ಮನ್ ಹೆಂಗಸಿನ ತೋಳನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆನಂತೆ, ಆಮೇಲೆ ಕ್ಷಮೆ ಕೇಳಿದೆ. ಇಲ್ಲಿ ಯಾರೂ ಸುಮ್ಮನೆ ಕೂರುವವರಲ್ಲ. ನಮ್ಮ ಮೇಕೆಗಳೂ ಹಿಂಜರಿಯುವ ಕಡಿದಾದ ಬಂಡೆಗೆ ಹಗ್ಗ ಕಟ್ಟಿಕೊಂಡು ಹೆಂಗಸರು ಹತ್ತುತ್ತಾರೆ. ಕೆಲವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಏರಿ, ಅದರ ಮೇಲೆ ಕೂತು ಕಲ್ಲುದಾರಿಯಲ್ಲಿ ಇಳಿಯುತ್ತಾರೆ. ಬಿದ್ದರೆ ಎದ್ದು ನಗುತ್ತಾರೆ. ಮೊದಲ ದಿನ ಇವರಿಗೆಲ್ಲ ಮನೆಯಲ್ಲಿ ಕೆಲಸವಿಲ್ಲವೇ ಎಂದುಕೊಂಡೆ. ಎರಡನೆಯ ದಿನ ನಾನೇ ಬಂಡೆಯ ಬುಡದಲ್ಲಿ ಕೂತು ಯಾರು ಮೊದಲು ತುದಿ ಮುಟ್ಟುತ್ತಾರೆಂದು ಮನಸ್ಸಿನಲ್ಲೇ ಪಂದ್ಯ ಕಟ್ಟುತ್ತಿದ್ದೆ.

ನಿನ್ನ ಮಗಳ ಕೆಲಸದ ವಿಷಯವನ್ನು ಮಾತ್ರ ಸಮಾಧಾನವಾಗಿ ಓದು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಊರೆಲ್ಲ ತೆಂಕಣ ದಿಕ್ಕಿಗೆ ಮುಖ ಮಾಡುತ್ತದೆ. ಕಾಫಿ ಅಂಗಡಿಯವನು ಮೇಜಿನ ಛತ್ರಿಗಳನ್ನು ಮಡಚುತ್ತಾನೆ, ಮುದುಕಿಯರು ಒಣಗಿದ ಬಟ್ಟೆ ಎತ್ತುತ್ತಾರೆ. ದೂರದಲ್ಲಿ ನೀರು ಕಪ್ಪಾಗುತ್ತದೆ, ಆ ಕಪ್ಪು ಗೆರೆ ನಮ್ಮ ಕಡೆಗೆ ನಡೆದು ಬರುತ್ತದೆ. ಅದು ದಡ ಮುಟ್ಟಿತೋ ಇಲ್ಲವೋ, ಮುನ್ನೂರು ಹಾಯಿಗಳು ಒಟ್ಟಿಗೆ ಏಳುತ್ತವೆ. ಒಂದು ಹಲಗೆ, ಅದರ ಮೇಲೊಂದು ಹಾಯಿ, ಅದನ್ನು ಹಿಡಿದು ನಿಂತ ಒಬ್ಬ ಮನುಷ್ಯ, ಅಷ್ಟೇ. ಅವರ ನಡುವೆ ಫ್ಲಾವಿಯಾ ಹೋಗುವುದನ್ನು ನೋಡಬೇಕು. ಬೆನ್ನು ನೀರಿಗೆ ತಾಗುವಷ್ಟು ಹಿಂದಕ್ಕೆ ಬಾಗಿ, ಗಾಳಿಯನ್ನು ಹೋರಿಯ ಮೂಗುದಾರದಂತೆ ಹಿಡಿದಿರುತ್ತಾಳೆ. ಆ ಹಿಡಿತ ಎಲ್ಲಿಂದ ಬಂತೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಮಾತು ಬರೆಯದೆ ಇರಲಾರೆ. ಅವಳ ಹತ್ತಿರ ಕಲಿಯುವವರಲ್ಲಿ ಡಾಕ್ಟರುಗಳಿದ್ದಾರೆ, ಬೋಳು ತಲೆಯ ಪ್ರೊಫೆಸರ್ ಒಬ್ಬನಿದ್ದಾನೆ. ಗಾಳಿ ಜೋರಾದಾಗ ಅವರನ್ನೆಲ್ಲ ದಡಕ್ಕೆ ಕರೆಯಬೇಕು. ಉಳಿದ ಮೇಷ್ಟ್ರುಗಳು ಸೀಟಿ ಊದುತ್ತಾರೆ. ಇವಳು ಬಾಯಿಗೆ ಎರಡೂ ಕೈ ಹಿಡಿದು, ಸಂಜೆ ನೀನು ಹಸುಗಳನ್ನು ಕೂಗುವ ಆ ಕೂಗನ್ನೇ ಹಾಕುತ್ತಾಳೆ. ಅದೇ ಎಳೆತ, ಕೊನೆಯಲ್ಲಿ ಅದೇ ಏರು. ಪ್ರೊಫೆಸರ್ ಸಹಿತ ಎಲ್ಲರೂ ಹಾಯಿ ತಿರುಗಿಸಿ ಬಂದುಬಿಡುತ್ತಾರೆ. ಅದು ಈ ಸರೋವರದವರ ಹಳೆಯ ಪದ್ಧತಿ ಎಂದು ಅವರೆಲ್ಲ ತಿಳಿದಿದ್ದಾರೆ. ನಾನು ಗೋಡೆಯ ಮೇಲೆ ಕೂತು ಅತ್ತೆ, ನಾಚಿಕೆಪಡದೆ ಅತ್ತೆ.

ಎರಡು ವರ್ಷದ ಹಿಂದೆ ಅವಳು ಮನೆ ಬಿಟ್ಟು ಇಲ್ಲಿಗೆ ಹೊರಟಾಗ ನೀನು ಅಂದಿದ್ದ ಮಾತು ನೆನಪಿದೆಯೇ? "ಗಾಳಿ ಹಿಂಡಿದ್ರೆ ಹಾಲು ಬರುತ್ತೇನೇ?" ನಿನ್ನ ನಂತರ ಹುಲ್ಲುಗಾವಲು ನೋಡಿಕೊಳ್ಳಬೇಕಾದವಳು ಬಿಟ್ಟುಹೋದ ನೋವು ನಿನಗಿತ್ತು, ನನಗೂ ಇತ್ತು. ಆದರೂ ಅವಳೇ ಸೋತು, ಆ ಬೇಸಿಗೆಯಲ್ಲೇ ನಿನಗೆ ಚೀಟಿ ಕಳಿಸಿದಳು. "ಅಪ್ಪಾ, ಓರಾ ಬಂದಾಗ ಬಾ," ಅಷ್ಟೇ ಇತ್ತು ಅದರಲ್ಲಿ. ನಮ್ಮ ಮೇಲಿನ ಊರುಗಳಲ್ಲಿ ಓರಾ ಎಂದರೆ ಹೊತ್ತು. ಹೊತ್ತು ಬಂದಾಗ ಬಾ. ನಿನ್ನ ಮುಖ ಸಣ್ಣದಾಯಿತು. "ಈಗ್ಲೇ ಬರ್ಬೇಡ ಅಂತಿದಾಳೆ. ಆಗ್ಲಿ, ಹೊತ್ತು ಬಂತು ಅಂತ ಅವಳೇ ಹೇಳ್ಲಿ, ಹೋಗ್ತೀನಿ," ಎಂದೆ ನೀನು. ಅವಳು ಹೇಳಲಿಲ್ಲ, ನೀನು ಹೋಗಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು.

ಮಂಗಳವಾರ ಬಂದರಿನ ಗೋಡೆಯ ಮೇಲೆ ಓಲಿಂಡೊ ಎಂಬ ಮುದುಕನ ಪರಿಚಯವಾಯಿತು. ಹಿಂದೆ ಮೀನು ಹಿಡಿಯುತ್ತಿದ್ದನಂತೆ, ಈಗ ಉಳಿದವರು ಹಿಡಿಯುವ ರೀತಿಗೆ ತಪ್ಪು ಹಿಡಿಯುತ್ತಾನೆ. ನಾನು ಫ್ಲಾವಿಯಾಳ ತಾಯಿ ಎಂದು ತಿಳಿದಾಗ ಅವನೇ ಮಾತು ತೆಗೆದ. "ನಿಮ್ಮ ಹುಡುಗಿದು ಒಂದು ವಿಚಿತ್ರ ಕಣಮ್ಮ. ಓರಾ ಏಳೋ ಹೊತ್ಗೆ ಎಲ್ರೂ ನೀರು ನೋಡ್ತಾರೆ. ಇವಳು ಬಸ್ ಸ್ಟಾಪ್ ನೋಡ್ತಾಳೆ. ಎರಡು ವರ್ಷ ಆಯ್ತು, ಒಂದಿನಾನೂ ತಪ್ಸಿಲ್ಲ. ಬಸ್ಸು ಬಂದು ಹೋದ್ಮೇಲೇನೆ ಹಲಗೆ ಎತ್ಕೊಳ್ಳೋದು."

ಓರಾ ಏಳುವುದೇನು, ಹೊತ್ತು ಏಳುತ್ತದೆಯೇ ಎಂದು ಕೇಳಿದೆ. ಅವನು ಕೆಮ್ಮು ಬರುವಷ್ಟು ನಕ್ಕ. "ಬೆಟ್ಟದಿಂದ ಇಳ್ದು ಬಂದೋರು ಅಂತ ಗೊತ್ತಾಗುತ್ತೆ ಬಿಡಿ. ಇಲ್ಲಿ ಓರಾ ಅಂದ್ರೆ ಹೊತ್ತಲ್ಲ ತಾಯಿ, ಗಾಳಿ. ಅದೋ, ಬರ್ತಾ ಇದೆಯಲ್ಲ, ಅದೇ ಓರಾ."

ನೀರಿನ ಮೇಲೆ ಆ ಕಪ್ಪು ಗೆರೆ ಬರುತ್ತಿತ್ತು. ಅವಳು ನಿನ್ನನ್ನು ತಡೆದಿರಲಿಲ್ಲ, ತುಲ್ಲಿಯೊ. ಗಾಳಿಯ ಹೆಸರು ಹೇಳಿ, ತನ್ನನ್ನು ನೀರಿನ ಮೇಲೆ ನೋಡಲು ಬಾ ಎಂದು ಕರೆದಿದ್ದಳು. ಆ ಸಂಜೆ ಅವಳು ಮೀನು ಕರಿಯುತ್ತಿದ್ದಾಗ, ಅಪ್ಪನಿಗೆ ಬರೆದಿದ್ದೆಯಲ್ಲ ಎಂದು ಮೆಲ್ಲಗೆ ಕೆದಕಿದೆ. "ನಾನು ಕರ್ದೆ, ಅಪ್ಪ ಬರ್ಲಿಲ್ಲ. ಅಷ್ಟೇ ಅಮ್ಮ, ಬಿಡು," ಎಂದು ಮೀನನ್ನು ಮಗುಚಿದಳು. ಮೀನು ಮುರಿಯಿತು. ಅವಳ ಕೈಯಲ್ಲಿ ಮೀನು ಮುರಿಯುವುದಿಲ್ಲ, ನಿನಗೂ ಗೊತ್ತು.

ಊಟದ ಚಿಂತೆ ಮಾಡಬೇಡ, ಚೆನ್ನಾಗಿ ತಿನ್ನುತ್ತಿದ್ದೇನೆ. ಇಲ್ಲಿಯ ಬ್ರೊಕೊಲಿ ಚಳಿಗಾಲದಲ್ಲೇ ರುಚಿಯಂತೆ, ಓಲಿಂಡೊ ಆಗ ಮತ್ತೆ ಬರಲು ಹೇಳಿದ್ದಾನೆ. ಆಲಿವ್ ಎಣ್ಣೆ ಮಾತ್ರ ನಿನ್ನ ಬೆಣ್ಣೆಗೆ ಸಮ ಎಂದು ಹೇಳಲು ಭಯವಾಗುತ್ತದೆ, ಆದರೆ ಸಮವೇ. ರೆಂಜೊನಿಗೆ ನನ್ನ ಆಶೀರ್ವಾದ, ಪೆರ್ಲಾಳ ಹಣೆಗೆ ನನ್ನ ಪರವಾಗಿ ಒಮ್ಮೆ ಕೈಯಾಡಿಸು. ದೇವರು ನಿನ್ನ ಮೊಣಕಾಲನ್ನು ಕಾಯಲಿ, ನಿನ್ನ ಹಟವನ್ನು ಸ್ವಲ್ಪ ಕಡಿಮೆ ಕಾಯಲಿ.

ನಿನ್ನ
ಕ್ಲೇಲಿಯಾ

ಮರೆತದ್ದು: ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಆ ಚೀಟಿಯನ್ನು ಓದಿದ್ದು ನೀನಲ್ಲ, ನಾನು. ನಿನ್ನ ಹಳೆಯ ಕನ್ನಡಕ ಆ ವಾರ ಪೆರ್ಲಾಳ ಕಾಲಡಿ ಸಿಕ್ಕಿ ಪುಡಿಯಾಗಿತ್ತು. ಅವಳು ಓರಾ ಎಂಬುದರ ಮೊದಲ ಅಕ್ಷರವನ್ನು ಮನುಷ್ಯರ ಹೆಸರಿಗೆ ಬರೆಯುವಂತೆ ದೊಡ್ಡದಾಗಿ ಬರೆದಿದ್ದಳು. ನಾನು ಕಂಡೆ, ಈ ಹುಡುಗಿಗೆ ಕೊನೆಗೂ ಕಾಗುಣಿತ ಬರಲಿಲ್ಲ ಎಂದುಕೊಂಡು ಹೊತ್ತು ಎಂದೇ ಓದಿಬಿಟ್ಟೆ. ನೀನು ಓದಿದ್ದರೆ, ಇದ್ಯಾರ ಹೆಸರು ಎಂದು ಕೇಳಿಯೇ ಕೇಳುತ್ತಿದ್ದೆ. ತಪ್ಪು ಅವಳದೂ ಅಲ್ಲ, ನಿನ್ನದೂ ಅಲ್ಲ. ಚೀಟಿ ನನ್ನ ಪರ್ಸಿನಲ್ಲೇ ಇತ್ತು, ಇದರೊಳಗೆ ಇಟ್ಟಿದ್ದೇನೆ, ಕಣ್ಣಾರೆ ನೋಡು. ಅವಳಿಗೆ ಇನ್ನೂ ಹೇಳಿಲ್ಲ, ನೀನು ಬಂದ ಮೇಲೆ ಇಬ್ಬರೂ ಸೇರಿ ನನ್ನನ್ನು ಬೈಯಿರಿ. ಎರಡು ದಿನ ರೆಂಜೊ ಹಾಲು ಕರೆಯುತ್ತಾನೆ. ಸೆಪ್ಟೆಂಬರ್ ಕಳೆದರೆ ಈ ಗಾಳಿ ಸೊರಗುತ್ತದಂತೆ. ಬಸ್ಸು ಹನ್ನೆರಡೂಮುಕ್ಕಾಲಿಗೆ ಬರುತ್ತದೆ, ಓರಾ ಒಂದು ಗಂಟೆಗೆ. ಮುಂದಿನ ಬಾಗಿಲಲ್ಲಿ ಇಳಿ, ಅವಳು ನೋಡುವುದು ಆ ಕಡೆಗೆ.