ಖಾಲಿ ಜಾಗ ಎಂದವರಿಗೆ

ಪುಣೆ
ಮಂಗಳವಾರ, ೩ ಜೂನ್ ೨೦೨೫

ನನ್ನ ಬಂಗಾರದಂಥ ಅವ್ವನಿಗೆ, ಜೈ ಭೀಮ್.

ಅವ್ವಾ, ಫೋನಿನಲ್ಲಿ ಹೇಳಿದೆನಲ್ಲ, ನನ್ನನ್ನು ಬಾಹ್ಯಾಕಾಶಕ್ಕೆ ಕಳಿಸುತ್ತೇವೆ ಅಂದರು! ನಿನ್ನ ಮಗಳನ್ನು, ಮಾಳಿಗೆಯ ಏಣಿ ಹತ್ತಲು ಹೆದರುತ್ತಿದ್ದ ಈ ವಿಶಾಖಾಳನ್ನು, ರಾಕೆಟ್ಟಿನಲ್ಲಿ ಕೂರಿಸಿ ಮೇಲೆ ಒಯ್ದು, ಗುಂಡಗಿನ ಭೂಮಿ ತೋರಿಸಿ, ಮತ್ತೆ ಕೆಳಗಿಳಿಸುತ್ತಾರಂತೆ. ನಗಬೇಡ. ಮಾನ್ವಿಯಲ್ಲಿ ನಮ್ಮತ್ತೆ ಆಗಲೇ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿದ್ದಾರೆ. ಮದುವೆಯ ಫೋಟೊದಿಂದ ನನ್ನ ಮುಖ ಕತ್ತರಿಸಿ ಯಾರದೋ ಬಿಳಿ ಸೂಟಿನ ಮೇಲೆ ಅಂಟಿಸಿದ್ದಾರೆ. ಹಣೆಯ ಬಾಸಿಂಗ ಮಾತ್ರ ಹಾಗೇ ಉಳಿದಿದೆ!

ಉಳಿದದ್ದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಸದಾ ಕೃಷ್ಣಣ್ಣನ ಜೇಬಿನಲ್ಲಿರುತ್ತದೆ. ನಾನು ಒಂದು ಮಾತಾಡಿದರೆ ಅವನು ಸ್ಪೀಕರ್ ಹಾಕಿ ಹತ್ತು ಮಾತಾಡುತ್ತಾನೆ. ಈ ಪತ್ರ ನಿನಗೊಬ್ಬಳಿಗೇ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀಯಲ್ಲ, ಹಾಗೇ ನಿಧಾನ ಓದು. ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ಶನಿವಾರದೊಳಗೆ ಸಿಗಬೇಕು.

ಮೊದಲು ಸಂಸಾರದ ಸುದ್ದಿ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ನನಗೋ ಹತ್ತು ವರ್ಷದಿಂದ ಇಲ್ಲೇ ಇದ್ದೇನೆ ಅನ್ನಿಸುತ್ತದೆ. ಎರಡು ಕೋಣೆ, ಒಂದು ಬಾಲ್ಕನಿ. ನನ್ನ ಜೋಳದ ರೊಟ್ಟಿ ಇನ್ನೂ ಹರಿಯುತ್ತದೆ. ಆದರೂ ನಿನ್ನ ಅಳಿಯ ಆ ಚೂರುಗಳನ್ನೇ ತಟ್ಟೆಯಲ್ಲಿ ಜೋಡಿಸಿಕೊಂಡು, “ಇದು ಆಫ್ರಿಕಾ, ಇದು ಆಸ್ಟ್ರೇಲಿಯಾ. ಇಡೀ ಜಗತ್ತ ಉಣಿಸ್ತಿಯಲ್ಲಲೇ ನನಗ,” ಅನ್ನುತ್ತಾರೆ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಹೇಳು? ಸದ್ಯ ಅವರಿಗೆ ಕೆಲಸ ಬಹಳ ಜಾಸ್ತಿ. ಹಾಗಾಗಿ ಎರಡು ದಿನದಿಂದ ಕಂಪನಿಯ ಗೆಸ್ಟ್ ಹೌಸಿನಲ್ಲೇ ಮಲಗುತ್ತಿದ್ದಾರೆ. ಆರಾಮಾಗಿದ್ದಾರೆ.

ಈಗ ಅಸಲು ವಿಷಯ. ಹೋದ ಬುಧವಾರ ನಿನ್ನ ಅಳಿಯನ ಕಂಪನಿಯ ದೊಡ್ಡ ಸಮಾರಂಭವಿತ್ತು. ರಾಕೆಟ್ ಕಂಪನಿಯ ಮಾಲೀಕರು ಸ್ವತಃ ಬಂದಿದ್ದರು. ಇಲ್ಲಿ ಎಲ್ಲರೂ ಅವರನ್ನು ಸೇಠರು ಅನ್ನುತ್ತಾರೆ. ಅವರ ಆಸ್ತಿ ಎಷ್ಟು ಸಾವಿರ ಕೋಟಿಯೋ ಅವರಿಗೇ ಗೊತ್ತಿರಲಿಕ್ಕಿಲ್ಲ. ನಾನು ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಉಳಿದ ಹೆಂಗಸರೆಲ್ಲ ಪ್ಯಾಂಟು ಹಾಕಿದ್ದರು, ನಾನೊಬ್ಬಳು ಬೀಗರ ಮನೆಗೆ ಬಂದವಳ ಹಾಗೆ! ಸೇಠರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂತೀ. ಮನುಷ್ಯನಿಗೆ ಒಂದೇ ಮನೆ ಸಾಲದು, ಭೂಮಿಯ ಆಚೆ ಎರಡನೆಯ ಮನೆ ಕಟ್ಟಬೇಕು, ನಮ್ಮ ಮೊಮ್ಮಕ್ಕಳು ಬೇರೆ ಗ್ರಹದ ಅಂಗಳದಲ್ಲಿ ಆಡಬೇಕು ಎಂದರು. ನನಗೆ ಮೈ ಜುಮ್ಮೆಂದಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ.

ಆಮೇಲೆ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಒಂದು ಚಿತ್ರ ಬಂತು. ಹೊಸ ಎಂಜಿನ್ನುಗಳನ್ನು ಉರಿಸಿ ಪರೀಕ್ಷೆ ಮಾಡಲು ಜಾಗ ಗೊತ್ತು ಮಾಡಿದ್ದಾರೆ. ಆಕಾಶದಿಂದ ತೆಗೆದ ಚಿತ್ರ. ಮೇಲೆ ಕೃಷ್ಣೆ, ಕೆಳಗೆ ದೇವದುರ್ಗ, ನಡುವೆ ಒಂದು ಕೆಂಪು ವೃತ್ತ. ವೃತ್ತದ ಪಕ್ಕ ಇಂಗ್ಲಿಷಿನಲ್ಲಿ ಬರೆದಿದ್ದರು: ಜನವಸತಿ ಇಲ್ಲದ ಖಾಲಿ ಜಾಗ.

ಅವ್ವಾ, ಅದು ನಮ್ಮ ಕೇರಿ.

ಕಾಲುವೆಯ ತಿರುವು ಕಾಣುತ್ತಿತ್ತು. ಕರಿಗುಡ್ಡ ಕಾಣುತ್ತಿತ್ತು. ನಮ್ಮ ತಗಡಿನ ಸೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನೀನು ಮೆಣಸಿನಕಾಯಿ ಒಣಹಾಕಿದ್ದೆ ಅಂತ ಕಾಣುತ್ತದೆ, ನಮ್ಮ ಮನೆಯ ಮುಂದೆ ಚೂರು ಕೆಂಪು ಕೂಡ ಇತ್ತು. ಅಷ್ಟು ಎತ್ತರದಿಂದ ನಮ್ಮ ಮೆಣಸಿನಕಾಯಿ ಕಂಡಿದೆ, ನಾವು ಕಂಡಿಲ್ಲ.

ನಾನು ಕೈ ಎತ್ತಿದೆ. ಪಕ್ಕದಲ್ಲಿ ಕೂತಿದ್ದ ನಿನ್ನ ಅಳಿಯ ಸಂಜೀವ ಅವರು ಸೆರಗು ಹಿಡಿದು ಎಳೆದರೂ ಎದ್ದು ನಿಂತು, ಸರ್, ಅದು ಖಾಲಿ ಅಲ್ಲ, ಅಲ್ಲಿ ನಮ್ಮ ತಾಯಿಯ ಮನೆ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಭೆಯೆಲ್ಲ ನಕ್ಕಿತು. ಕೆಟ್ಟ ನಗುವಲ್ಲ, ಮುದ್ದಿನ ನಗು. ಸೇಠರೂ ನಕ್ಕು, ಹೆಸರು ಕೇಳಿ, ಯಾವ ಊರು ಕೇಳಿ, “ಆ ಮಣ್ಣಿನ ಮಗಳೇ ನಮ್ಮ ಮೊದಲ ಪ್ರವಾಸಿ ರಾಕೆಟ್ಟಿನಲ್ಲಿ ಹೋಗಲಿ,” ಎಂದು ಅಲ್ಲೇ ಘೋಷಿಸಿಬಿಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೂಗುಚ್ಛ, ಫೋಟೊ, ಕೇಕು! ನಾನು ನೆಲದ ಮೇಲೆ ಇರಲಿಲ್ಲ ಅವ್ವಾ.

ಮನೆಗೆ ಬರುವಾಗ ಬೈಕಿನ ಮೇಲೆ ಗಾಳಿ ಮುಖಕ್ಕೆ ಬಡಿದ ಮೇಲೆ ತಲೆ ತಿಳಿಯಾಯಿತು. “ರೀ, ನಾ ಕೇಳಿದ್ದಕ್ಕ ಅವರು ಏನ್ ಉತ್ತರ ಕೊಟ್ರು?” ಎಂದೆ.

“ಸೀಟ ಕೊಟ್ರಲ್ಲಲೇ ಹುಚ್ಚಿ,” ಎಂದರು.

“ಅದು ಉತ್ತರ ಏನ್ರೀ?”

ಅವರು ಬೈಕಿನ ವೇಗ ಹೆಚ್ಚಿಸಿದರು.

ಮರುದಿನ ನಿನಗೆ ಫೋನ್ ಮಾಡಿದ್ದು ಅದಕ್ಕೇ. ನೀನು ಸುದ್ದಿ ಕೇಳಿ, “ಅಲ್ಲಬೇ, ಚಂದ್ರನ ಮ್ಯಾಗ ಮನಿ ಕಟ್ಟವರಿಗೆ ಹಕ್ಕುಪತ್ರ ಯಾರು ಕೊಡ್ತಾರ? ನಮಗ ನೆಲದ ಮ್ಯಾಗ ಕಟ್ಟಿದ್ದಕ್ಕ ಇನ್ನಾ ಕೊಟ್ಟಿಲ್ಲ,” ಎಂದೆ. ನಾನು ಹೊಟ್ಟೆ ಹಿಡಿದು ನಕ್ಕೆ. ಫೋನಿಟ್ಟ ಮೇಲೆ ಅಪ್ಪ ನೆನಪಾದ. ಅಪ್ಪ ಆ ಹಕ್ಕುಪತ್ರಕ್ಕಾಗಿ ಅಲೆದು ಅಲೆದೇ ತೀರಿಕೊಂಡ. ನಾವು ಮನೆ ಕಟ್ಟಿಕೊಂಡದ್ದು ದನ ಮೇಯುವ ಗಾಯರಾಣದಲ್ಲಿ. ಅಜ್ಜನ ಕಾಲದಿಂದ ಇದ್ದರೂ ಸರ್ಕಾರದ ಲೆಕ್ಕದಲ್ಲಿ ಅದು ಇವತ್ತಿಗೂ ಬರೀ ಹುಲ್ಲುಗಾವಲು. ಜಾಗ ನೋಡಲು ಬಂದವರಿಗೆ ಊರಿನವರು ಊರನ್ನು ತೋರಿಸಿದ್ದಾರೆ, ಕೇರಿಯನ್ನು ಯಾರೂ ತೋರಿಸಿಲ್ಲ.

ಕೃಷ್ಣಣ್ಣ ಆವತ್ತು ಏನಂದ, ನೀನೂ ಕೇಳಿದಿ. ಜೂನ್ ಒಂಬತ್ತರ ಸೋಮವಾರ ಗ್ರಾಮಸಭೆ ಇದೆ, ಜಾಗ ಕೊಡಲು ತಕರಾರಿಲ್ಲ ಎಂದು ಠರಾವು ಮಾಡುತ್ತಾರೆ, ತನಗೆ ಗೇಟಿನ ಕೆಲಸ ಕೊಡುತ್ತಾರೆ ಎಂದ. ಮನೆಗಳ ಗತಿ ಏನು ಎಂದು ಕೇಳಿದರೆ, “ಬ್ಯಾರೆ ಕಡಿ ಕಟ್ಟಿಕೊಡ್ತಾರಂತ,” ಎಂದ. ಬ್ಯಾರೆ ಕಡಿ ಅಂದರೆ ಎಲ್ಲಿ ಎಂದೆ. “ಎಲ್ಲ್ಯಾರ. ನಿನಗ್ಯಾಕಬೇ? ಕೊಟ್ಟ ಹೆಣ್ಣು ಕುಲಕ್ಕ ಹೊರಗ,” ಎಂದ. ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಎರಡು ಮಕ್ಕಳು, ಕೂಲಿ ಸಿಕ್ಕ ದಿನ ಕೂಲಿ. ಅವನು ಯಾವುದಾದರೂ ಗೇಟು ಹಿಡಿದು ನಿಲ್ಲಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಗೇಟು ನಮ್ಮ ಅಡುಗೆಮನೆಯ ಮೇಲೆ ಏಳಬಾರದು.

ಎಂಜಿನ್ ಉರಿದರೆ ಏನಾಗುತ್ತದೆ ಎಂದು ನಿನ್ನ ಅಳಿಯನೇ ನನಗೆ ಒಮ್ಮೆ ಮೇಜಿನ ಮೇಲೆ ನೀರಿನ ಲೋಟ ಇಟ್ಟು, ಕೆಳಗಿನಿಂದ ಗುದ್ದಿ ತೋರಿಸಿದ್ದರು. ನೆಲ ಹಾಗೆ ನಡುಗುತ್ತದಂತೆ. ಆಗ ಹತ್ತಿರದಲ್ಲಿ ಮನುಷ್ಯರು ಇರಲೇಬಾರದಂತೆ. ಖಾಲಿ ಜಾಗ ಸಿಗದಿದ್ದರೆ ಖಾಲಿ ಮಾಡಿಸಲೇಬೇಕಲ್ಲ.

ಮೊನ್ನೆ ಶನಿವಾರ ಕಂಪನಿಯವರು ನಮ್ಮ ಮನೆಗೇ ಕ್ಯಾಮೆರಾ ತಂದರು. ಗ್ರಾಮಸಭೆಯಲ್ಲಿ ತೋರಿಸಲು ಒಂದು ವಿಡಿಯೊ ಬೇಕಂತೆ. ನೀಲಿ ಸೂಟು ಹಾಕಿಸಿದರು. ಎಷ್ಟು ಚೆಂದ ಒಪ್ಪುತ್ತಿತ್ತು ಅಂತೀ, ಕನ್ನಡಿ ಬಿಟ್ಟು ಬರಲು ಮನಸ್ಸಾಗಲಿಲ್ಲ! ನಾನು ಹೇಳಬೇಕಾದದ್ದು ಒಂದೇ ಮಾತು: “ನಮ್ಮೂರಿನ ಖಾಲಿ ಜಾಗದಿಂದ ಇಡೀ ದೇಶ ಆಕಾಶಕ್ಕೆ ಹಾರಲಿದೆ.” ನಾನು ಹೇಳಿದೆ: “ನಮ್ಮೂರಿನ ಕೇರಿಯಲ್ಲಿ ನಮ್ಮವ್ವ ವೆಂಕಮ್ಮ ಇರುತ್ತಾಳೆ.” ಕಟ್ ಎಂದರು. ಮತ್ತೆ ಅದನ್ನೇ ಹೇಳಿದೆ. ಮತ್ತೆ ಕಟ್. ಮೂರನೆಯ ಸಲ ಕ್ಯಾಮೆರಾ ಹಿಡಿದಿದ್ದ ಹುಡುಗಿ ಅದನ್ನು ಕೆಳಗಿಳಿಸಿ, ಮೇಡಂ, ವಿಡಿಯೊ ಇಲ್ಲದಿದ್ದರೆ ಸೀಟೂ ಇಲ್ಲ ಎಂದಳು. ಹಾಗಾದರೆ ಸೀಟು ಬೇಡ ಎಂದು ಸೂಟು ಬಿಚ್ಚಿಕೊಟ್ಟೆ.

ಸುಳ್ಳು ಯಾಕೆ, ಆಮೇಲೆ ಸ್ವಲ್ಪ ಅತ್ತೆ. ಭೂಮಿ ಗುಂಡಗೆ ಕಾಣುವುದನ್ನು ಒಮ್ಮೆ ನೋಡಬೇಕಿತ್ತು. ಈಗಲೂ ಆಸೆಯಿದೆ. ರಾಕೆಟ್ಟಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಸೇಠರು ಅಷ್ಟು ದೂರದ ಗ್ರಹದಲ್ಲಿ ಮನೆ ಕಟ್ಟಲಿ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಮೊದಲು ನಮ್ಮ ಮನೆ ಯಾಕೆ ಕೆಡವಬೇಕು? ಇದನ್ನು ಅವರು ನನಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಸೋಮವಾರ ಅವರ ಜನ ನಮ್ಮೂರಿಗೆ ಬರುತ್ತಾರಲ್ಲ, ಕನ್ನಡದಲ್ಲಿ ಹೇಳಲಿ.

ಸಭೆಗೆ ನಾನು ಬರುತ್ತೇನೆ. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ನಮ್ಮೂರಿನಲ್ಲೇ ಇದೆ, ತೆಗೆಸುವ ಮೊದಲೇ ಮದುವೆಯ ಗಡಿಬಿಡಿ. ಕುಲಕ್ಕೆ ಹೊರಗಾದರೂ ಆಗಲಿ, ಸಭೆಗೆ ಒಳಗೇ ಇದ್ದೇನೆ ಎಂದು ಅಣ್ಣನಿಗೆ ಹೇಳು.

ನಿನ್ನಿಂದ ನನಗೆ ಒಂದು ಸಹಾಯ ಬೇಕು. ಪ್ರತಿ ಸಲ ಗ್ರಾಮಸಭೆ ಊರೊಳಗಿನ ಗುಡಿಯ ಕಟ್ಟೆಯ ಮುಂದೆ ಆಗುತ್ತದೆ, ನಮ್ಮ ಹೆಂಗಸರು ಹಿಂದೆ ಗೋಡೆಗೆ ಒರಗಿ ನಿಂತು, ಮಾತು ಮುಗಿಯುವ ಮೊದಲೇ ಹೊಲಕ್ಕೆ ಹೋಗುತ್ತಾರೆ. ಈ ಸಲ ಆ ಸಭೆ ನಮ್ಮ ಕೇರಿಯಲ್ಲೇ ಕೂಡಬೇಕು. ಅಂಗನವಾಡಿಯ ದಾನೇಶ್ವರಿ ಟೀಚರ್‌ಗೆ ಹೇಳು, ಎಲ್ಲರ ಸಹಿ ಹಾಕಿಸಿ ಪಂಚಾಯಿತಿಗೆ ಅರ್ಜಿ ಕೊಡಲಿ. ಒಪ್ಪದಿದ್ದರೆ ನೀವೆಲ್ಲ ಮುಂದಿನ ಸಾಲಿನಲ್ಲಿ ಹೋಗಿ ಕುಳಿತುಬಿಡಿ, ಮಕ್ಕಳು ಮರಿ ಸಮೇತ. ಯಾರು ಎಬ್ಬಿಸಿದರೂ ಏಳಬೇಡಿ. ಒಂದು ದಿನದ ಕೂಲಿ ಹೋಗುತ್ತದೆ, ಗೊತ್ತು. ಬೇಡಿಕೊಂಡಾದರೂ ಎಲ್ಲರನ್ನೂ ನಿಲ್ಲಿಸಿಕೊ. ಅಲ್ಲಿ ಇಷ್ಟು ಜನ ಕುಳಿತಿರುವಾಗ ಖಾಲಿ ಎಂದು ಓದುವ ಬಾಯಿ ಯಾವುದು, ನೋಡೋಣ.

ಆಷಾಢಕ್ಕೆ ನೀನು ಕರೆಯಲು ಬರುವ ಮೊದಲೇ ಮಗಳು ತಾನಾಗಿ ಬಂದಳು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡು. ಉಡಿ ಆಮೇಲೆ ತುಂಬುವಿಯಂತೆ.

ನಿನ್ನ ಮುದ್ದಿನ, ಹಟಮಾರಿ,
ವಿಶಾಖಾ

ತಾ. ಕ.: ನಿನ್ನ ಅಳಿಯನಿಗೆ ಕೆಲಸ ಜಾಸ್ತಿ ಎಂದು ಬರೆದದ್ದು ಸುಳ್ಳು, ಅವ್ವಾ. ನಾನು ಸೂಟು ಬಿಚ್ಚಿಕೊಟ್ಟದ್ದು ತಿಳಿದ ಮೇಲೆ ಅವರು ಬಟ್ಟೆಯ ಚೀಲ ತೆಗೆದುಕೊಂಡು ಹೋದರು. ಬಾಗಿಲಲ್ಲಿ ನಿಂತು, “ಆ ಎಂಜಿನ್ನಿಗೆ ನಾ ಆರು ವರ್ಷ ದುಡಿದೀನಿ. ಒಂದ ಮಾತಿಗೆ ಇಷ್ಟು ಹಟ ಏನಲೇ?” ಎಂದರು. “ಆ ಮಾತ ಹೇಳಿದ್ರ ನಮ್ಮವ್ವ ಇಲ್ಲಂತ ಆಗ್ತದ್ರೀ,” ಎಂದೆ. ಅವರಿಗೂ ಕಣ್ಣು ತುಂಬಿತ್ತು, ಆದರೂ ಹೋದರು. ನಾನು ಅವರನ್ನು ಬಿಟ್ಟು ಬರುತ್ತಿಲ್ಲ. ಮನೆಯ ಕೀಲಿ ಪಕ್ಕದವರ ಹತ್ತಿರ ಕೊಟ್ಟು, ಪುಂಡಿಪಲ್ಲೆ ಮಾಡಿ ಫ್ರಿಜ್ಜಿನಲ್ಲಿಟ್ಟು ಬರುತ್ತೇನೆ. ಅವರು ಬಂದರೆ ಉಣ್ಣಲಿ. ನಮ್ಮಿಬ್ಬರ ರಾಜಿಗೆ ಆ ಸಭೆ ಕಾಯುವುದಿಲ್ಲ. ಅಳಿಯ ಎಲ್ಲಿ ಎಂದು ಯಾರಾದರೂ ಕೇಳಿದರೆ ಮುಚ್ಚಿಡಬೇಡ, ಇನ್ನೂ ಬಂದಿಲ್ಲ ಎಂದಷ್ಟೇ ಹೇಳು. ಸ್ಟೇಷನ್ನಿಗೆ ಯಾರೂ ಬರಬೇಡಿ, ಆ ರಾತ್ರಿ ರಾಯಚೂರಿನಲ್ಲಿ ಗೆಳತಿ ಕಮರುನ್ನೀಸಾಳ ಮನೆಯಲ್ಲಿದ್ದು ಬೆಳಿಗ್ಗೆ ಮೊದಲ ದೇವದುರ್ಗದ ಬಸ್ಸಿಗೆ ಹೊರಡುತ್ತೇನೆ. ಟಿಕೆಟ್ ಒಂದೇ ತೆಗೆಸಿದ್ದೇನೆ: ಭಾನುವಾರ, ಜೂನ್ ಎಂಟು, ಉದ್ಯಾನ್ ಎಕ್ಸ್‌ಪ್ರೆಸ್.