ತಟ್ಟೆಗೆ ಹಾಸದ ಬಲೆ

ತುರ್ಕು, ನವೆಂಬರ್ ೧೪

ಪ್ರೀತಿಯ ತಮ್ಮ ಯಾರ್ಮೊ,

ಸೊಂಟನೋವು ಹೇಗಿದೆ? ಹಡಗಿನ ಅಡುಗೆಯವ ಗುರುವಾರದ ಬಟಾಣಿ ಸಾರನ್ನು ಈಗಲೂ ತಳ ಹಿಡಿಸುತ್ತಾನೆಯೇ? ನಾನು ಚೆನ್ನಾಗಿದ್ದೇನೆ. ನಿನ್ನ ಹೆಂಡತಿ ತೂಲಿಕ್ಕಿ ಸ್ವಲ್ಪ ಇಳಿದುಹೋಗಿದ್ದಾಳೆ. ಕೂಸು ಸೈಮಿಯ ಮೊಣಕಾಲಿನ ಬೊಬ್ಬೆ ಒಣಗಿದೆ.

ಮುಟ್ಟಿದಲ್ಲೆಲ್ಲ ಕೂಸಿನ ಚರ್ಮ ಏಕೆ ಸುಲಿಯುತ್ತದೆಂದು ತಿಳಿಯಲು ವೈದ್ಯರು ಅದರ ಚೂರೊಂದನ್ನು ನಮ್ಮ ಪ್ರಯೋಗಾಲಯಕ್ಕೇ ಕಳಿಸಿದ್ದರಲ್ಲ. ಚರ್ಮದ ಜೀವಕೋಶದ ಪೊರೆಯಲ್ಲಿ ಪ್ರೋಟೀನಿನ ಕೊಕ್ಕೆಗಳಿರುತ್ತವೆ. ಹೊರತುದಿ ಕೆಳಗೆ ಹರಡಿದ ಪ್ರೋಟೀನ್ ಬಲೆಯನ್ನು ಹಿಡಿದಿರುತ್ತದೆ. ಒಳತುದಿಗೆ ಕೋಶದೊಳಗಿನ ಹಗ್ಗಗಳು ಬಿಗಿದಿರುತ್ತವೆ. ದಿನವೂ ಲಂಗರು ನೋಡುವ ನಿನಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಅಂದು ನನ್ನ ಪರೀಕ್ಷೆಯ ತಟ್ಟೆಯಲ್ಲಿ ಸೈಮಿಯ ಕೋಶಗಳೆಲ್ಲ ತಳಕ್ಕೆ ಅಂಟದೆ ತೇಲುತ್ತಿದ್ದವು. ವೈದ್ಯರ ಮಾತಿಗೂ ಕಾಯದೆ ನಿನಗೆ ಫೋನ್ ಮಾಡಿ, "ಕೊಕ್ಕೆ ಒಂದೂ ಇಲ್ಲ ಕಣೋ" ಎಂದುಬಿಟ್ಟೆ. "ಹಂಗಾದ್ರೆ ನಾನು ಎತ್ಕೊಂಡ್ರೆ ಚರ್ಮ ಕೈಗೇ ಬಂದ್ಬಿಡುತ್ತಾ ಅಕ್ಕಾ?" ಎಂದು ಕೇಳಿದೆ ನೀನು. ಹೌದೆಂದೆ. ಮರುದಿನವೇ ರಜೆ ಬೇಡವೆಂದು ಬರೆದುಕೊಟ್ಟು ನೀನು ಹಡಗಿನಲ್ಲೇ ಉಳಿದೆ.

ಕೋಶಗಳನ್ನು ಬಿಡುವ ಮುನ್ನ ತಟ್ಟೆಯ ತಳಕ್ಕೆ ಆ ಬಲೆಯ ದ್ರಾವಣ ಹಾಸಿಡಬೇಕು. ಮೂವತ್ತೊಂದು ವರ್ಷ ಹಾಸಿದ್ದೇನೆ. ಕಳೆದ ವಾರ ನಮ್ಮ ಮುಖ್ಯಸ್ಥೆ ವುವೊಕ್ಕೊ ಫ್ರಿಜ್ ತೆರೆದವಳು, "ಏನೇ ಹಿಲ್ಕಾ, ಬಲೆ ದ್ರಾವಣದ ಬಾಟ್ಲಿ ಸೀಲೇ ಒಡ್ದಿಲ್ವಲ್ಲೇ! ಹಿಡ್ಕೊಳ್ಳೋಕೆ ಏನೂ ಇಡ್ದೆ ಹಿಡ್ಕೋ ಅಂದ್ರೆ ಅವು ತಾನೆ ಏನ್ ಮಾಡ್ತಾವೆ?" ಎಂದಳು. ಹೋಲಿಸಿ ನೋಡಲು ಪಕ್ಕದಲ್ಲಿಟ್ಟಿದ್ದ ಆರೋಗ್ಯವಂತ ಮಗುವಿನ ಕೋಶಗಳೂ ಅಂದು ತೇಲುತ್ತಿದ್ದವಂತೆ. ಆ ತಟ್ಟೆಯತ್ತ ನಾನು ಕಣ್ಣೇ ಹಾಯಿಸಿರಲಿಲ್ಲ. ನೋಡಿದ್ದು ನಮ್ಮ ಕೂಸಿನದನ್ನು ಮಾತ್ರ. ಕೆಲಸ ಕೆಡಿಸಿದವರು ಕಾಫಿಗೆ ಏಲಕ್ಕಿ ಬನ್ ತರಬೇಕೆಂಬುದು ನಮ್ಮಲ್ಲಿನ ಕಟ್ಟಳೆ. ನಾನೂ ತಂದಿಟ್ಟೆ. ಎಲ್ಲರೂ ತಿಂದರು, ಯಾರೂ ತಮಾಷೆ ಮಾಡಲಿಲ್ಲ.

ಬಲೆ ಹಾಸಿ ಮತ್ತೆ ಮಾಡಿದೆವು. ಸೈಮಿಯ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಳ ಹಿಡಿದು ಕೂತಿವೆ. ಕೊಕ್ಕೆಗಳು ಕಡಿಮೆ, ಆದರೆ ಇವೆ. ವೈದ್ಯರ ಬೇರೆ ಪರೀಕ್ಷೆಯೂ ಅದನ್ನೇ ಹೇಳಿದೆ. ಬೊಬ್ಬೆಗಳು ಏಳುತ್ತಲೇ ಇರುತ್ತವೆ. ಆದರೂ ಅವಳನ್ನು ಎತ್ತಿಕೊಳ್ಳಬಹುದು. ಆರು ವಾರ ನಿನ್ನನ್ನು ಮಗಳಿಂದ ದೂರವಿಟ್ಟವಳು ನಾನು. ನನಗೆ ನಾಚಿಕೆಯಾಗಿದೆ ಯಾರ್ಮೊ.

ಡೆಕ್ ಮೇಲೆ ಹಿಮ ಗಟ್ಟಿಯಾಗಿದ್ದರೆ ನೋಡಿ ಹೆಜ್ಜೆ ಇಡು. ಕಡಲು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಹಿಲ್ಕಾ

ಮರೆತಿದ್ದೆ: ಮುಂದಿನ ಬಂದರಿನಲ್ಲೇ ಇಳಿದು ಬಾ. ಕಂಕುಳಿಗೆ ಕೈ ಹಾಕಿ ಎತ್ತಬಾರದು. ಒಂದು ಅಂಗೈ ಕುಂಡೆಯ ಕೆಳಗೆ, ಇನ್ನೊಂದು ಕತ್ತಿನ ಹಿಂದೆ. ತೂಲಿಕ್ಕಿ ತೋರಿಸಿಕೊಡುತ್ತಾಳೆ. ಬರುವಾಗ ಉಗುರು ಕತ್ತರಿಸಿಕೊಂಡು ಬಾ.